ಎಂಎಎಫ್ ಉಳಿಸಿಕೊಳ್ಳೋದಾ, ಸ್ಪೀಡ್ ಡೆನ್ಸಿಟಿಗೆ ಹೋಗೋದಾ? ಬಳ್ಳಾರಿ ಕಡೆಯ ಗಾಡಿಗಳಿಗೆ ಒಂದು ಲೆಕ್ಕ

ಸಂಡೂರಿನ ಹುಡುಗನೊಬ್ಬ ಹೋದ ತಿಂಗಳು ತನ್ನ ಹಳೆಯ ಆಕ್ಟೇವಿಯಾ 1.8 ಟರ್ಬೊ ತಂದು ನಮ್ಮ ಶೆಡ್ಡಿನ ಮುಂದೆ ನಿಲ್ಲಿಸಿದ. "ಅಣ್ಣಾ, ನಾಕು ಸಾವಿರ ಆರ್‌ಪಿಎಂ ದಾಟಿದ್ರೆ ಗಾಡಿ ಎಳೆಯಂಗಿಲ್ಲ. ಒಬ್ರು ಏರ್‌ಫ್ಲೋ ಸೆನ್ಸಾರ್ ಕಿತ್ತಾಕಿ ಸ್ಪೀಡ್ ಡೆನ್ಸಿಟಿ ಮಾಡ್ಸು ಅಂತಾರೆ. ಇನ್ನೊಬ್ರು ಕಂಪನಿಯವ್ರು ಕೊಟ್ಟಿದ್ದನ್ನ ಮುಟ್ಲೇಬ್ಯಾಡ ಅಂತಾರೆ. ನೀವು ಹೇಳ್ರಿ, ಏನ್ ಮಾಡ್ಲಿ?"

ಬಾಯಲ್ಲಿ ಉತ್ತರ ಕೊಡೋದಕ್ಕಿಂತ ಬಾನೆಟ್ ಎತ್ತೋದು ಒಳ್ಳೇದು ಅನ್ನಿಸಿತು. ಏರ್ ಫಿಲ್ಟರ್ ಡಬ್ಬಿ ಆದ ಕೂಡಲೇ, ಪೈಪಿನ ಮೇಲೆ ಎರಡು ಸ್ಕ್ರೂನಲ್ಲಿ ಕೂತಿರುತ್ತದೆ ಆ ಏರ್‌ಫ್ಲೋ ಸೆನ್ಸಾರ್, ಅಂದರೆ ಎಂಎಎಫ್. ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಅದರ ಸಣ್ಣ ಕಿಂಡಿಯೊಳಗೆ ಕುಂಕುಮದಂಥ ಕೆಂಪು ಪುಡಿ, ಅದರ ಮೇಲೆ ಎಣ್ಣೆಯ ಜಿಡ್ಡು. ಮೇಲೆ ನೋಡಿದರೆ ತೊಳೆದು ಬಳಸುವ ನಮೂನೆಯ ಫಿಲ್ಟರ್, ಎಣ್ಣೆ ಸುರಿದು ಸುರಿದು ಹಾಕಿದ್ದಾರೆ. ಸಂಡೂರಿನ ಗುಡ್ಡದ ಒಂದು ಚಿಟಿಕೆ ಸೆನ್ಸಾರಿನೊಳಗಿನ ಸಣ್ಣ ತಂತಿಗೆ ಅಂಟಿಕೊಂಡು ಕೂತಿತ್ತು. ಕ್ಲೀನರ್ ಸ್ಪ್ರೇ ಹೊಡೆದು, ಒಣಗಲು ಬಿಟ್ಟು, ಮತ್ತೆ ಜೋಡಿಸಿ ಹೊಸಪೇಟೆ ರಸ್ತೆಯಲ್ಲಿ ಎಳೆದು ನೋಡಿದೆವು. ತೊಳೆಯೋದಕ್ಕೆ ಮುಂಚೆ ಪೂರ್ತಿ ಆಕ್ಸಿಲರೇಟರ್‌ಗೆ ಸೆಕೆಂಡಿಗೆ 92 ಗ್ರಾಂ ಗಾಳಿ ತೋರಿಸುತ್ತಿದ್ದ ಸೆನ್ಸಾರ್ ಈಗ 117 ತೋರಿಸಿತು. ಗಾಡಿ ಎಳೆಯಿತು. ಹುಡುಗ ನಕ್ಕ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ, ಯಾಕೆಂದರೆ ಅವನಿಗೆ ಮುಂದಿನ ದೀಪಾವಳಿಯೊಳಗೆ ದೊಡ್ಡ ಟರ್ಬೊ ಹಾಕಿಸುವ ಆಸೆ.

ಈ ಪ್ರಶ್ನೆ ನನ್ನ ಹತ್ತಿರ ಬರೋದು ಇದೇ ಮೊದಲಲ್ಲ. ಗಂಗಾವತಿಯಿಂದ, ರಾಯಚೂರಿನಿಂದಲೂ ಬರುತ್ತಾರೆ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಎರಡೂ ಮಾಡೋದು ಒಂದೇ ಕೆಲಸ

ಎಂಜಿನ್ನಿಗೆ ಎಷ್ಟು ಗಾಳಿ ಹೋಯಿತು ಅಂತ ಗೊತ್ತಾದರೆ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಲೆಕ್ಕ ಹಾಕುತ್ತದೆ. ಆ ಗಾಳಿಯನ್ನು ತಿಳಿಯಲು ಎರಡು ದಾರಿ. ಒಂದು, ಒಳಗೆ ಹೋಗುವ ಗಾಳಿಯನ್ನು ಬಾಗಿಲಲ್ಲೇ ತೂಗೋದು. ಇನ್ನೊಂದು, ಒಳಗಿರುವ ಒತ್ತಡ, ಬಿಸಿ ನೋಡಿ ಇಷ್ಟು ಗಾಳಿ ಇರಬೇಕು ಅಂತ ಲೆಕ್ಕ ಕಟ್ಟೋದು.

ತೂಗುವವನು ಎಂಎಎಫ್, ಅಂದರೆ ಮಾಸ್ ಏರ್‌ಫ್ಲೋ ಸೆನ್ಸಾರ್. ಪೈಪಿನೊಳಗೆ ಕೂದಲಿನಂಥ ತಂತಿ ಅಥವಾ ತೆಳು ಫಿಲ್ಮ್ ಇರುತ್ತದೆ, ಕರೆಂಟ್ ಕೊಟ್ಟು ಅದನ್ನು ಬರುವ ಗಾಳಿಗಿಂತ ನಿರ್ದಿಷ್ಟ ಡಿಗ್ರಿ ಹೆಚ್ಚು ಬಿಸಿಯಾಗಿ ಇಡುತ್ತಾರೆ. ಗಾಳಿ ಬೀಸಿದಷ್ಟೂ ತಂತಿ ಆರುತ್ತದೆ, ಆರದಂತೆ ನೋಡಿಕೊಳ್ಳಲು ಎಷ್ಟು ಕರೆಂಟ್ ಬೇಕಾಯಿತು ಅನ್ನೋದೇ ಗಾಳಿಯ ತೂಕ. ಬಿಸಿ ಚಹಾ ಮೇಲೆ ಊದಿದ ಹಾಗೆ, ಅಷ್ಟೆ.

ಲೆಕ್ಕ ಕಟ್ಟುವವನು ಸ್ಪೀಡ್ ಡೆನ್ಸಿಟಿ. ಇದಕ್ಕೆ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ನೋಡುವ ಎಂಎಪಿ ಸೆನ್ಸಾರ್, ಗಾಳಿಯ ಬಿಸಿ ನೋಡುವ ಐಎಟಿ ಸೆನ್ಸಾರ್, ಆರ್‌ಪಿಎಂ, ಇವು ಮೂರರ ಜೊತೆ ವಿಇ ಟೇಬಲ್ ಬೇಕು. ವಿಇ ಅಂದರೆ ಸಿಲಿಂಡರ್ ಆ ಹೊತ್ತಿಗೆ ನಿಜವಾಗಿ ಶೇಕಡಾ ಎಷ್ಟು ತುಂಬುತ್ತದೆ ಅನ್ನೋದು. ಶಾಲೆಯಲ್ಲಿ ಓದಿದ ಅನಿಲ ಸೂತ್ರವೇ ಇಲ್ಲಿ ಕೆಲಸ ಮಾಡೋದು. 300 ಸಿಸಿಯ ಒಂದು ಸಿಲಿಂಡರ್ 100 ಕಿಲೋಪ್ಯಾಸ್ಕಲ್ ಒತ್ತಡ, 25 ಡಿಗ್ರಿಯಲ್ಲಿ ಪೂರ್ತಿ ತುಂಬಿದರೆ ಅದರೊಳಗೆ 0.35 ಗ್ರಾಂ ಗಾಳಿ. ಅದೇ ಸಿಲಿಂಡರ್ ನಮ್ಮ ಮೇ ತಿಂಗಳಲ್ಲಿ, ಬಾನೆಟ್ ಕೆಳಗೆ 55 ಡಿಗ್ರಿ, ಒತ್ತಡ 95 ಇದ್ದಾಗ ತುಂಬಿಕೊಳ್ಳೋದು 0.30 ಗ್ರಾಂ ಮಾತ್ರ. ಬೇಸಿಗೆಯಲ್ಲಿ ಪಿಕಪ್ ಬಿತ್ತು ಅಂತ ಬರುವವರಲ್ಲಿ ಅರ್ಧ ಜನಕ್ಕೆ ನಾನು ಈ ಲೆಕ್ಕವನ್ನೇ ತೋರಿಸಿ ಕಳಿಸುತ್ತೇನೆ. ಗಾಡಿ ಸರಿಯಾಗೇ ಇರುತ್ತದೆ, ಗಾಳಿಯೇ ತೆಳ್ಳಗಾಗಿರುತ್ತದೆ.

ಇದು ಹೊಸ ಜಗಳವೂ ಅಲ್ಲ. ಬಾಷ್ ಕಂಪನಿ 1967ರಲ್ಲಿ ತಂದ ಡಿ-ಜೆಟ್ರಾನಿಕ್ ಅನ್ನೋ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆ ಒತ್ತಡ ನೋಡುತ್ತಿತ್ತು. ಡಿ ಅಂದರೆ ಜರ್ಮನ್ ಭಾಷೆಯಲ್ಲಿ ಒತ್ತಡಕ್ಕಿರುವ ಡ್ರುಕ್ ಪದ. ಆಮೇಲೆ 1970ರ ದಶಕದಲ್ಲಿ ಗಾಳಿಯನ್ನೇ ಅಳೆಯುವ ಎಲ್-ಜೆಟ್ರಾನಿಕ್ ಬಂತು. ಎಲ್ ಅಂದರೆ ಲುಫ್ಟ್, ಗಾಳಿ. ಬಿಸಿ ತಂತಿ ಬಂದಿದ್ದು 1980ರ ದಶಕದಲ್ಲಿ. ಅರ್ಧ ಶತಮಾನ ಕಳೆದರೂ ಕಂಪನಿಗಳು ಎರಡನ್ನೂ ಬಳಸುತ್ತಲೇ ಇವೆ ಅಂದಮೇಲೆ ಒಂದು ಪೂರ್ತಿ ಸರಿ, ಇನ್ನೊಂದು ಪೂರ್ತಿ ತಪ್ಪು ಇರಲಿಕ್ಕಿಲ್ಲ.

ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು

ಮೊದಲ ಪ್ರಶ್ನೆ, ನಿಮ್ಮ ಗಾಡಿಯಲ್ಲಿ ಈಗ ಇರೋದು ಯಾವುದು? ತಮಾಷೆ ಅನ್ನಿಸಬಹುದು, ಆದರೆ ಇಲ್ಲದ ಸೆನ್ಸಾರ್ ಕಿತ್ತುಹಾಕಿ ಅಂತ ಕೇಳಿಕೊಂಡು ಬಂದವರು ಇದ್ದಾರೆ. ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್, ಪೋಲೊದ 1.2 ಟಿಎಸ್‌ಐ, ಇವೆಲ್ಲ ಕಂಪನಿಯಿಂದಲೇ ಒತ್ತಡ ನೋಡಿ ಓಡುವಂಥವು, ಎಂಎಎಫ್ ಇಲ್ಲವೇ ಇಲ್ಲ. ಹಳೆಯ ಕೊರೊಲಾ 1.8, ಆಕ್ಟೇವಿಯಾ 1.8 ಟರ್ಬೊ ಇವುಗಳಲ್ಲಿ ಎಂಎಎಫ್ ಇದೆ. ಬ್ಲೂಟೂತ್ ಸ್ಕ್ಯಾನರ್ ಹಾಕಿ ಮೊಬೈಲ್‌ನಲ್ಲಿ ನೋಡುವವರಿಗೆ ಒಂದು ಮಾತು: ಸೆಕೆಂಡಿಗೆ ಇಷ್ಟು ಗ್ರಾಂ ಅಂತ ಬಂದ ಕೂಡಲೇ ಎಂಎಎಫ್ ಇದೆ ಅಂದುಕೊಳ್ಳಬೇಡಿ. ಕೆಲವು ಆ್ಯಪ್‌ಗಳು ಒತ್ತಡದಿಂದ ಲೆಕ್ಕ ಹಾಕಿ ತಾವೇ ಆ ಸಂಖ್ಯೆ ತೋರಿಸುತ್ತವೆ. ಫಿಲ್ಟರ್ ಡಬ್ಬಿಯ ಬಾಯಲ್ಲಿ ವೈರ್ ಕನೆಕ್ಟರ್ ಇರುವ ಸೆನ್ಸಾರ್ ಕಣ್ಣಿಗೆ ಕಂಡರೂ ಪೂರ್ತಿ ನಂಬಬೇಡಿ, ಕೆಲವಲ್ಲಿ ಅದು ಬರೀ ಬಿಸಿ ನೋಡುವ ಎರಡು ವೈರಿನದು. ಎಂಎಎಫ್‌ಗೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ವೈರ್ ಇರುತ್ತವೆ.

ಎರಡನೇದು, ಎಂಜಿನ್ನಿನಲ್ಲಿ ಏನೇನು ಬದಲಾಯಿಸುತ್ತೀರಿ, ಒಂದೇ ಸಲವೋ ಸಂಬಳ ಬಂದ ಹಾಗೆಲ್ಲ ಒಂದೊಂದೋ? ನನ್ನ ಪ್ರಕಾರ ಎಲ್ಲಕ್ಕಿಂತ ಭಾರವಾದ ಪ್ರಶ್ನೆ ಇದೇ.

ಮೂರನೇದು, ಗಾಡಿ ಓಡುವುದು ಎಲ್ಲಿ? ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಧೂಳೇ ಒಂದು, ಕುಡಿತಿನಿ, ಶಕ್ತಿನಗರದ ಬೂದಿಯೇ ಒಂದು, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ ಹೊಟ್ಟಿನ ಧೂಳೇ ಇನ್ನೊಂದು. ಅದರ ಮೇಲೆ ಬೇಸಿಗೆಯಲ್ಲಿ 42 ಡಿಗ್ರಿ.

ನಾಲ್ಕನೇದು, ಇಸಿಯುವಿನ ಲೆಕ್ಕ ತಿದ್ದಿ ಟ್ಯೂನ್ ಮಾಡುವವನು ಎಷ್ಟು ದೂರದಲ್ಲಿದ್ದಾನೆ? ಗಾಡಿ ನಿಲ್ಲಿಸಿ ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಡೈನೊ ನಮಗೆ ಅಂದರೆ ಬೆಂಗಳೂರು, 300 ಕಿಲೋಮೀಟರ್ ಚಿಲ್ಲರೆ. ಐದನೇದು ದುಡ್ಡು. ಇದನ್ನು ಕೊನೆಗೆ ಹಾಕಿದ್ದು ಬೇಕಂತಲೇ, ಮೊದಲ ನಾಲ್ಕಕ್ಕೆ ಉತ್ತರ ಸಿಕ್ಕರೆ ದುಡ್ಡಿನ ಲೆಕ್ಕ ತಾನಾಗಿ ಬರುತ್ತದೆ.

ಎಂಎಎಫ್: ಎಂಜಿನ್ ಮುಟ್ಟಿ, ಪೈಪ್ ಮುಟ್ಟಬೇಡಿ

ಎಂಎಎಫ್‌ನ ದೊಡ್ಡ ಗುಣ ಅಂದರೆ ಅದು ನಿಜವಾಗಿ ಹೋದ ಗಾಳಿಯನ್ನೇ ತೂಗುತ್ತದೆ. ಸೈಲೆನ್ಸರ್ ಬದಲಾಯಿಸಿದಿರಿ, ಹೆಡ್ ಸ್ವಲ್ಪ ಪೋರ್ಟ್ ಮಾಡಿಸಿದಿರಿ (ಗಾಳಿಯ ದಾರಿ ಕೊರೆಸಿ ಅಗಲ ಮಾಡಿಸಿದಿರಿ), ಹೆಚ್ಚು ಗಾಳಿ ಹೋಯಿತು, ಅದೂ ಹೆಚ್ಚು ಅಂತಲೇ ಹೇಳಿತು, ಪೆಟ್ರೋಲ್ ತಾನಾಗಿ ಸರಿಹೋಯಿತು. ಬಳ್ಳಾರಿಯಿಂದ ಊಟಿಗೆ ಹೋದರೂ, ಡಿಸೆಂಬರ್ ಬೆಳಗ್ಗೆಯಾದರೂ, ಮೇ ಮಧ್ಯಾಹ್ನವಾದರೂ ತೂಕ ತೂಕವೇ. ಇಗ್ನಿಷನ್ ಟೈಮಿಂಗ್ ಬೇರೆ ವಿಷಯ, ಅದನ್ನು ಯಾರೂ ತಾನಾಗಿ ಸರಿ ಮಾಡಿಕೊಡುವುದಿಲ್ಲ. ಆದರೆ ಗಾಳಿ-ಪೆಟ್ರೋಲ್ ಹದಕ್ಕೆ ಎಂಎಎಫ್ ಒಳ್ಳೇ ಕಾವಲುಗಾರ.

ಅದಕ್ಕೆ ಆಗದೇ ಇರೋದು ತನ್ನ ಪೈಪಿನ ತಂಟೆಗೆ ಹೋದರೆ. ಸೆನ್ಸಾರ್ ಇಡೀ ಗಾಳಿಯನ್ನು ತೂಗುವುದಿಲ್ಲ, ಪೈಪಿನ ನಡುವಿನ ಒಂದಿಷ್ಟು ಗಾಳಿಯ ರುಚಿ ನೋಡಿ, ಪೈಪಿನ ಅಗಲ ಇಷ್ಟು, ಆದ್ದರಿಂದ ಒಟ್ಟು ಇಷ್ಟು ಅನ್ನುತ್ತದೆ. 60 ಮಿಲಿಮೀಟರ್ ಪೈಪ್ ತೆಗೆದು ಅದೇ ಸೆನ್ಸಾರನ್ನು 70 ಮಿಲಿಮೀಟರ್ ಪೈಪಿಗೆ ಕೂರಿಸಿದರೆ ಬಾಯಿಯ ವಿಸ್ತೀರ್ಣ 1.36 ಪಟ್ಟು ಆಯಿತು. ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತದೆ, ಸೆನ್ಸಾರ್ ನಿಜಕ್ಕಿಂತ ಕಾಲು ಭಾಗಕ್ಕೂ ಜಾಸ್ತಿ ಇಳಿಸಿ ಹೇಳುತ್ತದೆ. ಎಂಜಿನ್ ಲೀನ್, ಅಂದರೆ ಪೆಟ್ರೋಲ್ ಕಡಿಮೆಯಾಗಿ ಓಡಿ, ಪಿ0171 ಅನ್ನೋ ದೋಷದ ಕೋಡ್ ಹಾಕಿ ಕೂರುತ್ತದೆ. ಅಂಗಡಿಯಲ್ಲಿ ಹೊಳೆಯುವ ಅಲ್ಯೂಮಿನಿಯಂ ಇನ್‌ಟೇಕ್ ಪೈಪ್ ಕೊಂಡು ಬಂದು "ಸೌಂಡ್ ಮಸ್ತ್ ಐತೆ ಅಣ್ಣಾ, ಆದ್ರೆ ಇಂಜಿನ್ ಲೈಟ್ ಹತ್ತೈತೆ" ಅನ್ನುವವರ ಕಥೆ ಬಹುಪಾಲು ಇದೇ. ಅಗಲ ಸರಿ ಇದ್ದರೂ ಸೆನ್ಸಾರ್‌ಗೆ ಸ್ವಲ್ಪ ಮುಂಚೆಯೇ ಗಕ್ಕನೆ ತಿರುವು ಕೊಟ್ಟರೆ ಗಾಳಿ ಸುತ್ತಿಕೊಂಡು ಬಂದು ರೀಡಿಂಗ್ ಕುಣಿಯುತ್ತದೆ. ಕಂಪನಿಯವರು ಕೆಲವು ಗಾಡಿಗಳಲ್ಲಿ ಜೇನುಗೂಡಿನಂಥ ಜಾಲರಿ ಇಟ್ಟಿರೋದು ಇದಕ್ಕೇ. ಗಾಳಿ ಚೆನ್ನಾಗಿ ಬರಲಿ ಅಂತ ಅದನ್ನು ಕಿತ್ತು ಬಿಸಾಡಬೇಡಿ.

ಇನ್ನೊಂದು ದೌರ್ಬಲ್ಯ, ಸೆನ್ಸಾರ್ ಆದ ಮೇಲೆ ಎಲ್ಲೇ ಸೀಳು ಬಿಟ್ಟರೂ ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಬಿಸಿಲಿಗೆ ರಬ್ಬರ್ ಹೋಸ್‌ಗಳು ಬೇಗ ಬಿರಿಯುತ್ತವೆ. ಟರ್ಬೊ ಗಾಡಿಯಲ್ಲಿ 'ಪ್ಶ್' ಅಂತ ಹೊರಗೆ ಬಿಡುವ ಬ್ಲೋ-ಆಫ್ ವಾಲ್ವ್ ಹಾಕಿಸಿದರೆ ಇದರ ಉಲ್ಟಾ: ತೂಗಿದ ಗಾಳಿಯನ್ನು ಹೊರಗೆ ಚೆಲ್ಲುತ್ತೀರಿ, ಇಸಿಯು ಒಳಗೆ ಹೋಯಿತೆಂದುಕೊಂಡು ಪೆಟ್ರೋಲ್ ಬಿಡುತ್ತದೆ, ಗೇರ್ ಬದಲಾಯಿಸುವಾಗೆಲ್ಲ ಕರಿ ಹೊಗೆ.

ಧೂಳಿನ ವಿಷಯಕ್ಕೆ ಬಂದರೆ, ಧೂಳಿಗೆ ಹೆದರಿ ಎಂಎಎಫ್ ಬಿಡಬೇಕಾಗಿಲ್ಲ. ಒಳ್ಳೇ ಪೇಪರ್ ಫಿಲ್ಟರ್, ಡಬ್ಬಿಯ ಕ್ಲಿಪ್ ಸರಿಯಾಗಿ ಕೂತಿರೋದು, ಫಿಲ್ಟರ್‌ನ ಅಂಚಿನ ರಬ್ಬರ್ ಹರಿಯದೇ ಇರೋದು, ಇಷ್ಟು ಇದ್ದರೆ ತಂತಿ ವರ್ಷಗಟ್ಟಲೆ ಇರುತ್ತದೆ. ಅದಿರಿನ ರಸ್ತೆಯಲ್ಲಿ ದಿನಾ ಓಡುವವರು ಸರ್ವಿಸ್ ಪುಸ್ತಕದಲ್ಲಿ ಬರೆದ ಅರ್ಧ ದೂರಕ್ಕೇ ಫಿಲ್ಟರ್ ಬದಲಾಯಿಸಿ ಅಂತ ನಾನು ಹೇಳುತ್ತೇನೆ. ತೊಳೆಯುವಾಗ ಎಂಎಎಫ್‌ಗೆಂದೇ ಬರುವ ಸ್ಪ್ರೇ ಮಾತ್ರ. ಕಾರ್ಬೊರೇಟರ್ ಕ್ಲೀನರ್ ಬೇಡ, ಹಲ್ಲುಜ್ಜುವ ಬ್ರಷ್ ಬೇಡ, ಕಂಪ್ರೆಸರ್ ಗಾಳಿ ಅಂತೂ ಬೇಡವೇ ಬೇಡ. ಮೇಸ್ತ್ರಿಯೊಬ್ಬರು ಹತ್ತಿಯಿಂದ ಒರೆಸಿ ತಂತಿ ಕಡಿದಿದ್ದನ್ನು ಕಣ್ಣಾರೆ ನೋಡಿದ್ದೇನೆ.

ತೊಳೆಯುವ ಹೊತ್ತು ಬಂತೋ ಇಲ್ಲವೋ ಅಂತ ತಿಳಿಯಲು ಸ್ಕ್ಯಾನರ್‌ನಲ್ಲಿ ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ ನೋಡಿ, ಅಂದರೆ ಹದ ಸರಿಮಾಡಲು ಇಸಿಯು ತಾನಾಗಿ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು (ಪ್ಲಸ್) ಅಥವಾ ಕಡಿಮೆ (ಮೈನಸ್) ಮಾಡುತ್ತಿದೆ ಅನ್ನೋದು. ಐಡಲ್‌ನಲ್ಲಿ ಸುಮಾರಾಗಿದ್ದು, ಲೋಡ್ ಹೆಚ್ಚಿದಷ್ಟೂ ಪ್ಲಸ್ ಏರುತ್ತಾ ಹೋದರೆ ಎಂಎಎಫ್ ಕೊಳೆ ಅಥವಾ ಪೆಟ್ರೋಲ್ ಪಂಪ್ ಸೋತಿದೆ. ಐಡಲ್‌ನಲ್ಲೇ ಪ್ಲಸ್ ಜೋರಾಗಿದ್ದು ಆರ್‌ಪಿಎಂ ಏರಿಸಿದಾಗ ಇಳಿದರೆ ಎಲ್ಲೋ ಹೋಸ್ ಸೀಳಿದೆ. ಈ ಎರಡು ಸಾಲು ಗೊತ್ತಿದ್ದರೆ ಸಾಕು, ಸುಮ್ಮಸುಮ್ಮನೆ ಸೆನ್ಸಾರ್ ಬದಲಾಯಿಸುವ ದುಡ್ಡು ಉಳಿಯುತ್ತದೆ.

ಕೊನೆಗೆ ಎಂಎಎಫ್‌ಗೆ ಒಂದು ನೆತ್ತಿ ಇದೆ. ವೋಲ್ಟೇಜ್ 5ಕ್ಕೆ ಮುಟ್ಟಿದ ಮೇಲೆ ಗಾಳಿ ಇನ್ನೆಷ್ಟು ಬಂದರೂ ಅದು ಹೇಳಲಾರದು. ಸೆಕೆಂಡಿಗೆ ಒಂದು ಗ್ರಾಂ ಗಾಳಿಗೆ ಹತ್ತಿರಹತ್ತಿರ 1.25 ಎಚ್‌ಪಿ ಅನ್ನೋದು ಟ್ಯೂನರ್‌ಗಳ ಬಾಯಿಲೆಕ್ಕ. ನಿಮ್ಮ ಗುರಿಯ ಎಚ್‌ಪಿಯನ್ನು ಅದರಿಂದ ಭಾಗಿಸಿ, ನಿಮ್ಮ ಸೆನ್ಸಾರ್ ಅಷ್ಟು ಗ್ರಾಂ ಅಳೆಯುತ್ತದೋ ಇಲ್ಲವೋ ನೋಡಿ. ಅಳೆಯದಿದ್ದರೆ ದೊಡ್ಡ ಎಂಎಎಫ್ ಹಾಕಿ ಅದರ ಟೇಬಲ್ ಮತ್ತೆ ಬರೆಯಬೇಕು, ಇಲ್ಲವೇ ಆ ದಾರಿ ಬಿಡಬೇಕು.

ಸ್ಪೀಡ್ ಡೆನ್ಸಿಟಿ: ಪೈಪ್ ಹೇಗಾದರೂ ಇರಲಿ, ಎಂಜಿನ್ ಮುಟ್ಟಿದರೆ ಲೆಕ್ಕ ಮತ್ತೆ

ಇಲ್ಲಿ ಎಲ್ಲ ತಿರುವುಮುರುವು. ಗಾಳಿ ಯಾವ ಪೈಪಿನಿಂದ ಬಂತು, ಪೈಪ್ ದಪ್ಪವೋ ಸಣ್ಣವೋ, ಮಧ್ಯ ಎಷ್ಟು ಹೊರಚೆಲ್ಲಿತು ಇದಕ್ಕೆ ಬೇಕಿಲ್ಲ. ಮ್ಯಾನಿಫೋಲ್ಡ್‌ನಲ್ಲಿ ಈಗ ಎಷ್ಟಿದೆ ಅನ್ನೋದಷ್ಟೇ ಮುಖ್ಯ. ಬ್ಲೋ-ಆಫ್ ವಾಲ್ವ್ ಹೊರಗೆ ಬಿಡಲಿ, ಚಿಂತೆಯಿಲ್ಲ. ಹೋಸ್ ಸೀಳಿದರೂ ಒತ್ತಡ ಏರುತ್ತದೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ಐಡಲ್ ಮೇಲೇರುತ್ತದೆ, ಆದರೆ ಹದ ತೀರಾ ಕೆಡುವುದಿಲ್ಲ. ಗಾಳಿಯ ದಾರಿಗೆ ಅಡ್ಡ ಏನೂ ಇಲ್ಲ. ಎಂಎಪಿ ಸೆನ್ಸಾರ್ ಗಟ್ಟಿ ಜಾತಿ, ಧೂಳಿಗೆ ಅದು ಎದುರಾಗುವುದೇ ಕಡಿಮೆ. ಬೆಲೆಯೂ ಎಂಎಎಫ್‌ಗಿಂತ ಎಷ್ಟೋ ಪಾಲು ಕಡಿಮೆ. ಟರ್ಬೊ ದೊಡ್ಡದು ಮಾಡುವುದಾದರೆ 3 ಬಾರ್ ಒತ್ತಡದವರೆಗೆ ಅಳೆಯುವ ಸೆನ್ಸಾರ್ ಹಾಕಿಕೊಂಡರೆ ನೆತ್ತಿಯ ತೊಂದರೆ ಬಹುಕಾಲ ಬರುವುದಿಲ್ಲ.

ಬೆಲೆ ತೆರುವುದು ಬೇರೆ ಕಡೆ. ವಿಇ ಟೇಬಲ್ ಸಾಮಾನ್ಯವಾಗಿ 16ಕ್ಕೆ 16, ಅಂದರೆ 256 ಮನೆ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಒತ್ತಡ. ಒಂದೊಂದು ಮನೆಯೂ ನಿಮ್ಮ ಎಂಜಿನ್ನಿಗೆ ಸರಿಯಾಗಿ ತುಂಬಿರಬೇಕು. ಕ್ಯಾಮ್ (ವಾಲ್ವ್ ತೆರೆಯುವ ದಂಡ) ಬದಲಾಯಿಸಿದಿರೋ, ಎಕ್ಸಾಸ್ಟ್ ಹೆಡರ್ ಹಾಕಿದಿರೋ, ಸಿಲಿಂಡರ್ ತುಂಬುವ ರೀತಿ ಬದಲಾಯಿತು, ಟೇಬಲ್ ಸುಳ್ಳಾಯಿತು. ಒತ್ತಡ ಅಷ್ಟೇ, ಆರ್‌ಪಿಎಂ ಅಷ್ಟೇ, ಒಳಗೆ ಹೋದ ಗಾಳಿ ಬೇರೆ. ಇಸಿಯುಗೆ ಅದು ಗೊತ್ತಾಗುವ ದಾರಿಯೇ ಇಲ್ಲ. ಈ ತಿಂಗಳು ಹೆಡರ್, ಸಂಕ್ರಾಂತಿಗೆ ಕ್ಯಾಮ್, ಯುಗಾದಿಗೆ ಮ್ಯಾನಿಫೋಲ್ಡ್ ಅನ್ನುವವರು ಪ್ರತಿ ಸಲವೂ ಲ್ಯಾಪ್‌ಟಾಪ್ ಹಿಡಿದು ಕೂರಬೇಕು, ಅಥವಾ ಕೂರುವವನಿಗೆ ದುಡ್ಡು ಕೊಡಬೇಕು.

ಈಗ ನಾನೇ ತಿಂದ ಪೆಟ್ಟು ಹೇಳುತ್ತೇನೆ. ಟರ್ಬೊ ಇಲ್ಲದ ನನ್ನ ಹಳೆಯ ಹ್ಯಾಚ್‌ಬ್ಯಾಕ್‌ಗೆ ಕಂಪನಿಯದಲ್ಲದ ಸ್ವತಂತ್ರ ಇಸಿಯು ಹಾಕಿ, ಬೆಂಗಳೂರಿಗೆ ಒಯ್ದು ಡೈನೊ ಮೇಲೆ ಚೆನ್ನಾಗಿ ಟ್ಯೂನ್ ಮಾಡಿಸಿಕೊಂಡು ಬಂದೆ. ಅಲ್ಲಿ ಬೆಣ್ಣೆಯಂತೆ ಓಡಿತು. ಬಳ್ಳಾರಿಗೆ ಬಂದ ಮರುದಿನ ಕುಡಿತಿನಿ ದಾಟಿ ಪೂರ್ತಿ ಒತ್ತಿದರೆ ಟಕಟಕ ಅಂತ ನಾಕಿಂಗ್. ವೈಡ್‌ಬ್ಯಾಂಡ್ ಮೀಟರ್ (ಗಾಳಿ-ಪೆಟ್ರೋಲ್ ಹದ ತೋರಿಸುವಂಥದ್ದು) ನೋಡಿದರೆ ಒಂದು ಪಾಲು ಪೆಟ್ರೋಲಿಗೆ 12.8 ಪಾಲು ಗಾಳಿ ಇರಬೇಕಾದ್ದು 13.9, ಅಂದರೆ ಪೆಟ್ರೋಲ್ ಕಡಿಮೆ. ಪೆಟ್ರೋಲ್ ಕಲಬೆರಕೆ ಅಂದುಕೊಂಡೆ, ಬಂಕ್ ಬದಲಾಯಿಸಿದೆ, ಪ್ಲಗ್ ಬದಲಾಯಿಸಿದೆ. ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ಲಾಗ್ ತೆರೆದು ಸಾಲು ಸಾಲಾಗಿ ನೋಡಿದಾಗ ಹೊಳೆಯಿತು. ಬೆಂಗಳೂರು ಇರೋದು 900 ಮೀಟರ್ ಮೇಲೆ, ಅಲ್ಲಿ ವಾತಾವರಣದ ಒತ್ತಡವೇ ಸುಮಾರು 91 ಕಿಲೋಪ್ಯಾಸ್ಕಲ್. ಟರ್ಬೊ ಇಲ್ಲದ ಗಾಡಿ ಅಲ್ಲಿ ಎಷ್ಟೇ ಒತ್ತಿದರೂ 90ರ ಸಾಲು ದಾಟುವುದಿಲ್ಲ. ಬಳ್ಳಾರಿ 500 ಮೀಟರ್‌ಗೂ ಕೆಳಗೆ, ಇಲ್ಲಿ 95 ಮುಟ್ಟುತ್ತದೆ. ಆ 95ರ ಸಾಲನ್ನು ಡೈನೊ ಮೇಲೆ ಯಾರೂ ಮುಟ್ಟಿರಲಿಲ್ಲ, ಮುಟ್ಟಲು ಸಾಧ್ಯವೂ ಇರಲಿಲ್ಲ. ಅಲ್ಲಿ ಇದ್ದದ್ದು ಹಳೇ ಬೇಸ್ ಮ್ಯಾಪಿನ, ಅಂದರೆ ಟ್ಯೂನಿಂಗ್ ಶುರುಮಾಡಲು ಹಾಕಿದ ಅಂದಾಜು ಟೇಬಲಿನ ಸಂಖ್ಯೆಗಳು. ಮೇಲಿನ ಸಾಲುಗಳನ್ನು ಕೆಳಗಿನವುಗಳ ಜಾಡು ಹಿಡಿದು ತುಂಬಿಸಿದ ಮೇಲೆ ನಾಕಿಂಗ್ ಹೋಯಿತು. ಆದ್ದರಿಂದ ಬೆಂಗಳೂರಿನಲ್ಲಿ ಸ್ಪೀಡ್ ಡೆನ್ಸಿಟಿ ಮಾಡಿಸುವವರು ಗಾಡಿ ಇಳಿಸಿಕೊಳ್ಳುವ ಮುಂಚೆ ಒಂದು ಮಾತು ಕೇಳಿ: "ಸರ್, 95 ಮತ್ತು 100ರ ಸಾಲು ತುಂಬಿದೀರಾ?" ಮಂಗಳೂರಿಗೆ ಹೋಗುವ ಪ್ಲಾನ್ ಇದ್ದರೆ 100ರ ಸಾಲೂ ಬೇಕಾಗುತ್ತದೆ. ಎಂಎಎಫ್ ಗಾಡಿಗೆ ಈ ಪಾಟು ಇಷ್ಟಿಲ್ಲ, ಅದು ತೂಕವನ್ನೇ ನೋಡುತ್ತದೆ.

ಬಿಸಿಲು ಇನ್ನೊಂದು ಕಿತಾಪತಿ ಮಾಡುತ್ತದೆ. ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಗಾಡಿ ನಿಲ್ಲಿಸುತ್ತೀರಿ. ಎಂಜಿನ್ನಿನ ಬಿಸಿ ಮ್ಯಾನಿಫೋಲ್ಡಿಗೆ ಏರಿ, ಅದಕ್ಕೆ ಕಚ್ಚಿಕೊಂಡಿರುವ ಐಎಟಿ ಸೆನ್ಸಾರ್ 70 ಡಿಗ್ರಿ ಅನ್ನುತ್ತದೆ. ಹೊರಟು ಎರಡು ನಿಮಿಷವಾದರೂ ಸೆನ್ಸಾರಿನ ಮೈ ಆರಿರುವುದಿಲ್ಲ, ಆದರೆ ಒಳಗೆ ಬರುತ್ತಿರುವ ಗಾಳಿ 45 ಮಾತ್ರ. ಬಿಸಿ ಗಾಳಿ ಹಗುರ ಅಂತ ನಂಬಿದ ಇಸಿಯು ಶೇಕಡಾ 7ರಷ್ಟು ಪೆಟ್ರೋಲ್ ಕಡಿಮೆ ಬಿಡುತ್ತದೆ. ನಿಧಾನಕ್ಕೆ ಹೋಗುವಾಗ ಆಕ್ಸಿಜನ್ ಸೆನ್ಸಾರ್ ನೋಡಿ ತಿದ್ದಿಕೊಳ್ಳುತ್ತದೆ, ಆದರೆ ಲಾರಿ ಹಿಂದಿಕ್ಕಲು ಪೂರ್ತಿ ಒತ್ತಿದಾಗ ತಿದ್ದುವವರಿಲ್ಲ. ಕಂಪನಿ ಇಸಿಯುಗಳು ಇದಕ್ಕೆ ಮೊದಲೇ ಲೆಕ್ಕ ಇಟ್ಟಿರುತ್ತವೆ. ನೀವೇ ಕಟ್ಟುವಾಗ ಐಎಟಿಯನ್ನು ಮ್ಯಾನಿಫೋಲ್ಡ್ ಲೋಹದಿಂದ ದೂರ ಇಡಿ, ಟರ್ಬೊ ಇದ್ದರೆ ಇಂಟರ್‌ಕೂಲರ್ (ಟರ್ಬೊ ಗಾಳಿಯನ್ನು ಆರಿಸುವ ಜಾಲರಿ) ಆದ ಮೇಲಿನ ಪೈಪಿನಲ್ಲಿ ಇಡಿ, ಬಾಯಿ ತೆರೆದ ನಮೂನೆಯ ಸೆನ್ಸಾರ್ ತಗೊಳ್ಳಿ, ಅದು ಬೇಗ ಆರುತ್ತದೆ. ಟ್ಯೂನಿಂಗನ್ನು ಬೆಳಗ್ಗೆ ಆರಕ್ಕೆ ಮಾಡಿ ಮುಗಿಸಬೇಡಿ, ಮಧ್ಯಾಹ್ನ ಗಾಡಿ ನಿಲ್ಲಿಸಿ ಮತ್ತೆ ಹೊರಟು ಲಾಗ್ ಮಾಡಿ. ನಮ್ಮ ಕಡೆ ನಿಜವಾದ ಪರೀಕ್ಷೆ ಅದೇ.

ಮಧ್ಯದ ದಾರಿಗಳು

ಒಂದೊಂದು ಸಿಲಿಂಡರ್‌ಗೆ ಒಂದೊಂದು ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ತೆರೆಯುವ ಬಾಗಿಲು) ಹಾಕಿದವರಿಗೆ, ಭಾರೀ ಕ್ಯಾಮ್ ಹಾಕಿದವರಿಗೆ ಈ ಎರಡೂ ಕೈ ಕೊಡುತ್ತವೆ. ಗಾಳಿ ಹಿಂದಕ್ಕೂ ಮುಂದಕ್ಕೂ ತುಯ್ಯುವಾಗ ಬಿಸಿ ತಂತಿಗೆ ದಿಕ್ಕು ತಿಳಿಯುವುದಿಲ್ಲ, ಹೋದದ್ದನ್ನೂ ಬಂದದ್ದನ್ನೂ ಎರಡು ಸಲ ಎಣಿಸುತ್ತದೆ. ಎಂಎಪಿಗೂ ನೆಟ್ಟಗೆ ಒತ್ತಡ ಸಿಗುವುದಿಲ್ಲ. ಅಂಥವರಿಗೆ ಥ್ರಾಟಲ್ ಎಷ್ಟು ತೆರೆದಿದೆ ಅನ್ನೋದನ್ನೇ ಹಿಡಿದು ಮಾಡುವ ಆಲ್ಫಾ-ಎನ್ ಇದೆ. ರಸ್ತೆ ಗಾಡಿಗೆ ಅದು ಬೇಡ. ಎಂಎಎಫ್, ಎಂಎಪಿ ಎರಡನ್ನೂ ಇಟ್ಟುಕೊಂಡು ಹೊತ್ತಿಗೆ ತಕ್ಕಂತೆ ಬೆರೆಸುವ ಕಂಪನಿ ಇಸಿಯುಗಳೂ ಇವೆ, ಜನರಲ್ ಮೋಟರ್ಸ್ ವಿ8ಗಳು ಇದಕ್ಕೆ ಹೆಸರಾದವು. ನಿಮ್ಮ ಗಾಡಿಯಲ್ಲಿ ಹಾಗೆ ಎರಡೂ ಇದ್ದರೆ ಒಂದನ್ನು ಕಿತ್ತು ಹಾಕುವ ಆತುರ ಮಾಡಬೇಡಿ.

ಡೀಸೆಲ್ ಗಾಡಿಯವರಿಗೆ ಈ ಪ್ರಶ್ನೆಯೇ ಬೇರೆ. ಅಲ್ಲಿ ಎಂಎಎಫ್ ಇರೋದು ಮುಖ್ಯವಾಗಿ ಇಜಿಆರ್ (ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವ್ಯವಸ್ಥೆ) ನೋಡಿಕೊಳ್ಳಲು ಮತ್ತು ಹೊಗೆ ಬರದಂತೆ ಡೀಸೆಲ್‌ಗೆ ಮಿತಿ ಹಾಕಲು. ಕೊಳೆಯಾದರೆ ಗಾಳಿ ಕಡಿಮೆ ಅಂದುಕೊಂಡು ಡೀಸೆಲ್ ಕತ್ತರಿಸುತ್ತದೆ, ಪಿಕಪ್ ಬೀಳುತ್ತದೆ. ಕನೆಕ್ಟರ್ ಕಿತ್ತರೆ ಗಾಡಿ ಚೆನ್ನಾಗಿ ಓಡುತ್ತದೆ ಅಂತ ಕಿತ್ತೇ ಓಡಿಸುವವರಿಗೆ ಹೇಳೋದು ಇಷ್ಟೇ, ಅದು ರೋಗ ಎಲ್ಲಿದೆ ಅಂತ ತೋರಿಸುವ ಪರೀಕ್ಷೆ. ತೊಳೆಯಿರಿ ಅಥವಾ ಬದಲಾಯಿಸಿ.

ದುಡ್ಡು, ಮತ್ತು ಯಾರಿಗೆ ಯಾವುದು

ಕ್ಲೀನರ್ ಡಬ್ಬಿ ನೂರುಗಳ ಲೆಕ್ಕ, ಅಸಲಿ ಎಂಎಎಫ್ ಸಾವಿರಗಳ ಲೆಕ್ಕ, ಬ್ರ್ಯಾಂಡೆಡ್ ಸ್ವತಂತ್ರ ಇಸಿಯು ಹಾಕಿ ವೈರಿಂಗ್, ಡೈನೊ ಸೇರಿಸಿದರೆ ಲಕ್ಷದ ಮಾತು. ನಕಲಿ ಎಂಎಎಫ್‌ಗೆ ಮಾತ್ರ ದುಡ್ಡು ಹಾಕಬೇಡಿ. ನೋಡಲು ಅಸಲಿಯಂತೆಯೇ ಇರುತ್ತದೆ, ಹೇಳುವ ಸಂಖ್ಯೆ ಬೇರೆ ಇರುತ್ತದೆ, ಕೊಳೆ ಹಿಡಿದ ಅಸಲಿಯೇ ಅದಕ್ಕಿಂತ ವಾಸಿ.

ಗಾಡಿ ದಿನಾ ಆಫೀಸಿಗೆ, ಹಬ್ಬಕ್ಕೆ ಊರಿಗೆ, ಆಗಾಗ ಹಂಪಿಗೆ, ಮಾಡಿಸೋದು ಸೈಲೆನ್ಸರ್ ಮತ್ತು ಸಣ್ಣ ಸ್ಟೇಜ್ 1 ರೀಮ್ಯಾಪ್ (ಇಸಿಯುವಿನ ಸಾಫ್ಟ್‌ವೇರ್ ತಿದ್ದೋದು) ಅಂದರೆ ಕಂಪನಿ ಕೊಟ್ಟ ಸೆನ್ಸಾರನ್ನು ಮುಟ್ಟಬೇಡಿ. ಎಂಎಎಫ್ ಇದ್ದರೆ ಎಂಎಎಫ್, ಎಂಎಪಿ ಇದ್ದರೆ ಎಂಎಪಿ. ಇಲ್ಲಿ ಬದಲಾಯಿಸಿ ಗಳಿಸುವ ಎಚ್‌ಪಿ ಏನೂ ಇಲ್ಲ.

ಒಂದೊಂದಾಗಿ ಸಾಮಾನು ಸೇರಿಸುತ್ತಾ ಹೋಗುವವರು, ಅದರಲ್ಲೂ ಟರ್ಬೊ ಇಲ್ಲದ ಗಾಡಿಯವರು, ಎಂಎಎಫ್ ಇದ್ದರೆ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಳ್ಳಿ. ಅದು ನಿಮ್ಮ ಎಷ್ಟೋ ಡೈನೊ ಪ್ರಯಾಣ ಉಳಿಸುತ್ತದೆ.

ದೊಡ್ಡ ಟರ್ಬೊ, ಮುಂದೆ ಇಂಟರ್‌ಕೂಲರ್, ಪೈಪೆಲ್ಲ ಹೊಸದು, ಎಲ್ಲ ಒಂದೇ ಸಲ ಕಟ್ಟಿ ಇನ್ನು ಮುಟ್ಟುವುದಿಲ್ಲ ಅನ್ನುವವರು ಸ್ಪೀಡ್ ಡೆನ್ಸಿಟಿಗೆ ಹೋಗಿ. ಕಟ್ಟಿದ ಮೇಲೆ ಒಂದು ಸಲ ಸರಿಯಾಗಿ ಟ್ಯೂನ್, ಆಮೇಲೆ ನೆಮ್ಮದಿ.

ಕೈಯಲ್ಲಿ ದುಡ್ಡು ಕಡಿಮೆ, ಹೊತ್ತು ಮತ್ತು ಕುತೂಹಲ ಜಾಸ್ತಿ ಇರುವ ಹುಡುಗರಿಗೆ ಸ್ಪೀಡುಯಿನೊ ಇದೆ, ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ಕಟ್ಟಿದ ಮುಕ್ತ ಇಸಿಯು. ಅದು ಮೂಲತಃ ಸ್ಪೀಡ್ ಡೆನ್ಸಿಟಿ ಮತ್ತು ಆಲ್ಫಾ-ಎನ್ ಮೇಲೇ ನಿಂತಿರೋದರಿಂದ ಅಲ್ಲಿ ಆಯ್ಕೆಯ ಗೊಂದಲವೂ ಇಲ್ಲ. ಮೆಗಾಸ್ಕ್ವರ್ಟ್ ಕೂಡ ಅದೇ ಜಾತಿಯ ಹಿರಿಯಣ್ಣ. ಇವುಗಳಿಗೆ ಬಳಸುವ ಟ್ಯೂನರ್‌ಸ್ಟುಡಿಯೊ ಅನ್ನೋ ಲ್ಯಾಪ್‌ಟಾಪ್ ಸಾಫ್ಟ್‌ವೇರಿನಲ್ಲಿ ಗಾಡಿ ಓಡಿಸುತ್ತಲೇ ವಿಇ ಟೇಬಲ್ ತಿದ್ದುವ ಸೌಲಭ್ಯ ಇದೆ, ಅದಕ್ಕೆ ದುಡ್ಡು ಕಟ್ಟಿದ ಆವೃತ್ತಿ ಬೇಕು. ಆದರೆ ಓಡಿಸುವವನೇ ಲ್ಯಾಪ್‌ಟಾಪ್ ನೋಡಬಾರದು, ಪಕ್ಕದಲ್ಲಿ ಒಬ್ಬ ಇರಲೇಬೇಕು. ಯಾವ ದಾರಿ ಹಿಡಿದರೂ ವೈಡ್‌ಬ್ಯಾಂಡ್ ಮೀಟರ್ ಇಲ್ಲದೆ ಶುರು ಮಾಡಬೇಡಿ. ದುಡ್ಡು ಎಲ್ಲಾದರೂ ಉಳಿಸಿ, ಇಲ್ಲಿ ಬೇಡ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಮಾಡಿದ ಮೂಲ ರೂಪ ಬದಲಾಯಿಸುವುದಕ್ಕೆ ಕಟ್ಟುಪಾಡು ಹಾಕುತ್ತದೆ. ವಾರಂಟಿ, ಇನ್ಶೂರೆನ್ಸ್ ವಿಷಯವೂ ಇದೆ. ಇದನ್ನು ಹೇಳದೆ ದುಡ್ಡು ತಗೊಳ್ಳುವ ಟ್ಯೂನರ್ ಹತ್ತಿರ ನಾನಂತೂ ಗಾಡಿ ಬಿಡಲ್ಲ.

ಇನ್ನು ಸಂಡೂರಿನ ಹುಡುಗ. ಅವನ ಆಕ್ಟೇವಿಯಾದಲ್ಲಿ ಒತ್ತಡದ ಸೆನ್ಸಾರ್ ಒಂದಿದೆ, ಆದರೆ ಅದು ಥ್ರಾಟಲ್‌ಗೆ ಮುಂಚೆ ಕೂತು ಟರ್ಬೊ ಬೂಸ್ಟ್ ನೋಡುವಂಥದ್ದು. ಸ್ಪೀಡ್ ಡೆನ್ಸಿಟಿಗೆ ಮ್ಯಾನಿಫೋಲ್ಡ್‌ನಲ್ಲಿ ಇನ್ನೊಂದು ಬೇಕು, ಇಸಿಯು ಕೆಲಸವೂ ಬೇಕು. ಒಂದು ಹಾಳೆಯ ಮೇಲೆ ಟರ್ಬೊ, ಇಂಜೆಕ್ಟರ್, ಕ್ಲಚ್, ಇಂಟರ್‌ಕೂಲರ್, ಇಸಿಯು ಅಂತ ಬರೆದು ಮುಂದೆ ಅಂದಾಜು ಹಾಕಿ ಕೈಗೆ ಕೊಟ್ಟೆ. ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡ. "ಎಲ್ಲಾ ಒಂದೇ ಸಲ ಆಗಂಗಿಲ್ಲ ಅಣ್ಣಾ" ಅಂದ. ಹಾಗಾದರೆ ಎಲ್ಲ ಸಾಮಾನು ಕೈಗೆ ಬರುವವರೆಗೆ ಎಂಎಎಫ್ ಇರಲಿ, ಬಂದ ದಿನ ಸ್ಪೀಡ್ ಡೆನ್ಸಿಟಿ ಮಾತಾಡೋಣ ಅಂದೆ. ಹೋಗುವಾಗ ಎಣ್ಣೆ ಫಿಲ್ಟರ್ ಬಿಚ್ಚಿಟ್ಟು, ಮೋತಿ ಸರ್ಕಲ್ ಕಡೆಯ ಅಂಗಡಿಯಿಂದ ತಂದ ಪೇಪರ್ ಫಿಲ್ಟರ್ ಹಾಕಿಸಿಕೊಂಡು ಹೋದ.